ಹೆಸರು ನಮ್ದು, ಸಹಿ ಅವರ್ದು

ಅಕ್ಕಾರ, ವೈನ್ಯಾರ, ಎಸ್‌ಡಿಎಂಸಿ ಮೀಟಿಂಗಿಗೆ ನಿಮ್ಮ ಬದಲಿ ಯಜಮಾನ್ರನ್ನ ಕಳಸೋದು ಬಿಡ್ರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ಕ್ಲಾಸಿನತನಕದ್ದು. ಸರಕಾರಿ ಸಾಲಿ ಸಮಿತಿಯೊಳಗ ನಾಕರಾಗ ಮೂರು ಪಾಲು ಪಾಲಕರು, ಒಟ್ಟು ಮಂದ್ಯಾಗ ಅರ್ಧ ಹೆಣ್ಮಕ್ಕಳು ಇರಬೇಕು ಅಂತೈತಿ. ನಮ್ಮ ಹೈಸ್ಕೂಲು ಸುರು ಆಗೋದ ಎಂಟನೇದರಿಂದ!

ಹೆಸರು ಬಿಡಸೋ ಸುಗ್ಗ್ಯಾಗ, ನಡು ಮಧ್ಯಾಹ್ನ ಮೀಟಿಂಗ್ ಇಟ್ಟು "ಹೆಣ್ಮಕ್ಳು ಬರಂಗಿಲ್ರಿ" ಅಂದ್ರ ಹೆಂಗ? ಸಂಜಿಕ ಇಡಲಿ, ಬರ್ತೀವಿ. ಪಾಯಖಾನ್ಯಾಗ ನೀರಿಲ್ಲಂದ್ರ ಹುಡುಗ್ಯಾರು ತಿಂಗಳಿಗೆ ನಾಕ ದಿನ ಮನ್ಯಾಗ ಕುಂದರ್ತಾರ. ಇದನ್ನ ಗಂಡಸ್ರು ಬಾಯಿಬಿಟ್ಟು ಹೇಳ್ತಾರೇನು? (ನಮ್ಮನಿಯವರು ಚಾ ಕುಡದು, ಸಹಿ ಹಾಕಿ ಬಂದ್ರು.) ಈ ಸಲ ಠರಾವು ಬುಕ್ ಓದಿಸಿ ಕೇಳ್ರಿ. ನೀರಿನ ಮಾತು ಬರಿಯೂತನಾ ಸಹಿ ಹಾಕಬ್ಯಾಡ್ರಿ.