ಎಳೆದರೂ ಕೆಡದ ತ್ರಿಭುಜ

ಜಿಯೋಜೀಬ್ರಾ ತಂತ್ರಾಂಶ ಶಾಲೆಗಳಿಗೆ ಉಚಿತ, ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಅದರಲ್ಲಿ ಅಂದಾಜಿಗೆ ಮೂರು ಬಿಂದು ಇಟ್ಟು ಬರೆದ ಸಮಬಾಹು ತ್ರಿಭುಜ, ಒಂದು ಶೃಂಗ ಎಳೆದೊಡನೆ ಅಸಮಬಾಹುವಾಗುತ್ತದೆ. ರೇಖಾಖಂಡವೊಂದರ ಎರಡೂ ತುದಿಗಳನ್ನು ಕೇಂದ್ರವಾಗಿಸಿ, ಅದರ ಉದ್ದವನ್ನೇ ತ್ರಿಜ್ಯವಾಗಿ ಇಟ್ಟುಕೊಂಡು ವೃತ್ತ ಎಳೆದು, ಅವು ಛೇದಿಸುವಲ್ಲಿ ಶೃಂಗ ಇಟ್ಟರೆ ಹಿಗ್ಗಿಸಿದರೂ ಕುಗ್ಗಿಸಿದರೂ ಅದು ಸಮಬಾಹುವೇ. ಸಮದ್ವಿಬಾಹುವಿಗೆ ಒಂದು ವೃತ್ತ, ಎರಡು ತ್ರಿಜ್ಯ ಸಾಕು. ಅರ್ಧವೃತ್ತದ ಮೇಲೆ ಶೃಂಗ ಎಲ್ಲಿಗೆ ಸರಿದರೂ ಲಂಬಕೋನ ಕದಲದು.

ಈ ಭಾಗದ ಮಕ್ಕಳಿಗೆ ಊರಿನ ನಕ್ಷೆಯೇ ಒಳ್ಳೆಯ ಪಾಠ. ಹೊಸಪೇಟೆ, ಸಂಡೂರು, ಕಂಪ್ಲಿಗಳನ್ನು ಜೋಡಿಸಿದರೆ ಕಣ್ಣಿಗೆ ಲಂಬಕೋನ ಸಮದ್ವಿಬಾಹು ತ್ರಿಭುಜ. ಅಳೆದರೆ ಎರಡೂ ಅಲ್ಲ, ಹೊಸಪೇಟೆಯ ಕೋನ 90 ಡಿಗ್ರಿಗೆ ತುಸು ಕಡಿಮೆ. ಸಂಡೂರು ಬಿಟ್ಟು ಹಂಪಿಯನ್ನು ಸೇರಿಸಿದರೆ ತೀರಾ ತೆಳ್ಳಗಿನ ವಿಶಾಲಕೋನ ತ್ರಿಭುಜ ಸಿಗುತ್ತದೆ.

— ಓದುಗರೊಬ್ಬರು, ಕಂಪ್ಲಿ