ಹಣತೆಯ ಬೆಳಕಿನಲ್ಲಿ ಮೊಲದ ಬೇಟೆ

ಬಂದೂಕು ಎಂದೊಡನೆ ನಮ್ಮ ಕಲ್ಪನೆಗೆ ಬರುವುದು ಏನನ್ನಾದರೂ ಹೊರಗೆ ಚಿಮ್ಮಿಸುವ ಸಾಧನ. ಗುಂಡು ಚಿಮ್ಮಿಸುವುದು ಸಿಪಾಯಿಯ ಬಂದೂಕು. ಸಣ್ಣ ಛರೆ ಚಿಮ್ಮಿಸಿ ಪುಗ್ಗಾ ಒಡೆಯುವುದು ಜಾತ್ರೆಯ ಬಂದೂಕು. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯಲ್ಲಾಗಲಿ, ಜತ್ತದ ಯಲ್ಲಮ್ಮನ ಜಾತ್ರೆಯಲ್ಲಾಗಲಿ, ಹಲಗೆಗೆ ಪುಗ್ಗಾ ಸಾಲುಗಟ್ಟಿದ ಅಂಗಡಿಯ ಮುಂದೆ ಒಂದು ಗಳಿಗೆಯಾದರೂ ನಿಲ್ಲದೆ ಹೋದ ಹುಡುಗನನ್ನು ನಾವಂತೂ ಕಂಡಿಲ್ಲ. ಆ ಬಂದೂಕಿನ ನಳಿಗೆ ಬೇಕೆಂದೇ ತುಸು ಸೊಟ್ಟಗಿರುತ್ತದೆಂಬ ಗುಮಾನಿಯೂ ಹುಡುಗರಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಆದರೆ ದೂರದರ್ಶನದ ಪರದೆಯ ಮುಂದೆ ಹಿಡಿಯುವ ಆಟದ ಬಂದೂಕು ಏನನ್ನೂ ಹೊರಗೆ ಬಿಡುವುದಿಲ್ಲ. ಅದು ಸುಮ್ಮನೆ ನೋಡುತ್ತದೆ, ಅಷ್ಟೆ.

ಈ ಮಾತು ಮೊದಲು ಕೇಳಿದವರಿಗೆ ವಿಚಿತ್ರವಾಗಿ ತೋರಬಹುದು. ಕಣ್ಣಿನಿಂದ ತೇಜಸ್ಸು ಹೊರಟು ವಸ್ತುವನ್ನು ಮುಟ್ಟುವುದರಿಂದಲೇ ನಮಗೆ ಕಾಣಿಸುತ್ತದೆಂದು ನಮ್ಮ ನ್ಯಾಯಶಾಸ್ತ್ರದ ಪಂಡಿತರು ವಾದಿಸಿದ್ದರು. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆಂದು ಇಂದು ಐದನೆಯ ಇಯತ್ತೆಯ ಮಗುವೂ ಹೇಳುತ್ತದೆ. ಆಟದ ಬಂದೂಕಿನ ಇತಿಹಾಸವೂ ಇದೇ ದಾರಿಯಲ್ಲಿ ನಡೆದಿದೆ. ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆ ತಯಾರಿಸುವ ಅಂಗಡಿಯಾಗಿ ಹುಟ್ಟಿದ ನಿಂಟೆಂಡೊ ಸಂಸ್ಥೆ 1970ರಲ್ಲಿ ಒಂದು ಬೆಳಕಿನ ಬಂದೂಕನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಬೆಳಕು ಬಂದೂಕಿನಿಂದ ಹೊರಟು ಗುರಿಯಲ್ಲಿ ಕೂಡಿಸಿದ ಬೆಳಕಿನ ಕೋಶಕ್ಕೆ ತಾಗಬೇಕಾಗಿತ್ತು. 1984ರಲ್ಲಿ ಅದೇ ಸಂಸ್ಥೆ ಬಾತುಕೋಳಿಯ ಬೇಟೆಯ ಆಟ ‘ಡಕ್ ಹಂಟ್’ ಅನ್ನು ಹೊರತಂದಾಗ ದಿಕ್ಕು ತಿರುಗಿತ್ತು. ಕುದುರೆ ಎಳೆದೊಡನೆ ಪರದೆಯು ಕ್ಷಣಾರ್ಧ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಸ್ಥಳದಲ್ಲಿ ಮಾತ್ರ ಒಂದು ಬಿಳಿಯ ಚೌಕ ಮೂಡುತ್ತದೆ. ನಳಿಗೆಯೊಳಗಿನ ಬೆಳಕಿನ ಕೋಶಕ್ಕೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಪೆಟ್ಟು ಬಿದ್ದಂತೆ. ಮೊದಲು ಕತ್ತಲೆ ಮಾಡುವುದೇತಕ್ಕೆಂದರೆ, ಜಾಣ ಹುಡುಗನೊಬ್ಬ ಬಂದೂಕನ್ನು ಮನೆಯ ದೀಪಕ್ಕೆ ಹಿಡಿದು ಗೆಲ್ಲಬಾರದಲ್ಲ! ಆ ಆಟದಲ್ಲಿ ಗುರಿ ತಪ್ಪಿದಾಗಲೆಲ್ಲ ಹುಲ್ಲಿನ ಮರೆಯಿಂದ ಒಂದು ನಾಯಿ ಎದ್ದು ಕಿಸಿಕಿಸಿ ನಗುತ್ತದೆ. ಲೋಕದ ಎಷ್ಟೋ ಮಕ್ಕಳು ಸಿಟ್ಟಿನಿಂದ ಆ ನಾಯಿಗೇ ಗುರಿಯಿಟ್ಟರು. ಆದರೆ ಅದಕ್ಕೆ ಪೆಟ್ಟು ತಾಗುವುದಿಲ್ಲ.

1990ರ ದಶಕದಲ್ಲಿ ಈ ಆಟದ ನಕಲು ಯಂತ್ರಗಳು ನಮ್ಮ ದೇಶದ ಪೇಟೆಗಳಿಗೂ ಬಂದವು. ಅಂಥದೊಂದು ಬಂದೂಕು ಈಗಲೂ ಕೆಲವರ ಅಟ್ಟದ ಮೇಲೆ ಬಿದ್ದಿರಬಹುದು. ಅದನ್ನು ಇಂದಿನ ಚಪ್ಪಟೆ ಟಿ.ವಿ.ಗೆ ಹಿಡಿದರೆ ಪ್ರಯೋಜನವಿಲ್ಲ. ಹಳೆಯ ಗಾಜಿನ ಕೊಳವೆಯ ಟಿ.ವಿ. ಚಿತ್ರವನ್ನು ಸಿಕ್ಕ ಕ್ಷಣದಲ್ಲೇ ಗೆರೆಗೆರೆಯಾಗಿ ಬರೆಯುತ್ತಿತ್ತು. ಹೊಸದು ತುಸು ತಡೆದು ತೋರಿಸುತ್ತದೆ, ಅಷ್ಟರಲ್ಲಿ ಬಂದೂಕಿನ ಲೆಕ್ಕ ತಪ್ಪಿರುತ್ತದೆ.

ಕಳೆದ ದೀಪಾವಳಿಗೆ ಪುಣೆಯಿಂದ ಬಂದ ನಮ್ಮ ತಮ್ಮನು ತನ್ನ ಮಗನ ಸಲುವಾಗಿ ಚೀಲದಲ್ಲಿ ತಂದದ್ದು ಇದರ ನಂತರದ ಪೀಳಿಗೆಯ ಯಂತ್ರ. 2006ರಲ್ಲಿ ನಿಂಟೆಂಡೊ ಹೊರತಂದ ‘ವೀ’ ಎಂಬ ಹೆಸರಿನದು. ತಯಾರಿಕೆ ನಿಂತು ವರ್ಷಗಳೇ ಆಗಿವೆ, ತಮ್ಮನಿಗೆ ಅದು ಗೆಳೆಯರೊಬ್ಬರಿಂದ ಹಳೆಯ ಬೆಲೆಗೆ ದೊರಕಿತ್ತು. ಅದರೊಡನೆ ಇದ್ದ ಆಟ, ಅದೇ ವರ್ಷ ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆ ಪ್ರಕಟಿಸಿದ ‘ರೇಮನ್ ರೇವಿಂಗ್ ರ್‍ಯಾಬಿಡ್ಸ್’. ರೇಮನ್ ಎಂಬ ಪಾಪದ ನಾಯಕನನ್ನು ಹುಚ್ಚು ಮೊಲಗಳ ಹಿಂಡೊಂದು ಸೆರೆಹಿಡಿದು ನಾನಾ ಚೇಷ್ಟೆಯ ಪರೀಕ್ಷೆಗಳಿಗೆ ಗುರಿಮಾಡುತ್ತದೆ. ಬೇಟೆಯ ಘಟ್ಟಗಳಲ್ಲಿ ಎದುರಾಗುವ ಮೊಲಗಳಿಗೆ ಗುಂಡು ಹೊಡೆಯುವಂತಿಲ್ಲ. ಹೊಡೆಯುವುದು ಪ್ಲಂಜರನ್ನು, ಅಂದರೆ ಮೋರಿ ಕಟ್ಟಿದಾಗ ಒತ್ತಿ ಎಳೆಯುವ, ಕೋಲಿನ ತುದಿಯ ರಬ್ಬರಿನ ಬಟ್ಟಲನ್ನು! ಅದು ಹೋಗಿ ಮೊಲದ ಮೋರೆಗೆ ಪಚಕ್ಕನೆ ಅಂಟುತ್ತದೆ. ಮೊಲ ಕಣ್ಣು ತಿರುಗಿಸಿ ‘ಬ್ವಾಹ್’ ಎಂದು ಅರಚುತ್ತದೆ.

ಎಪ್ಪತ್ತೆಂಟು ವಯಸ್ಸಿನ ನಮ್ಮ ತಾಯಿಯವರಿಗೆ ಈ ಆಯುಧವನ್ನು ವಿವರಿಸುವುದೇ ಒಂದು ಪಾಠವಾಯಿತು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ನಮ್ಮ ತಾಲೂಕಿನಲ್ಲಿ ಬಚ್ಚಲ ಕಿಂಡಿ ಕಟ್ಟಿ ನೀರು ನಿಲ್ಲುವುದೆಂದರೆ ಐಶ್ವರ್ಯದ ಲಕ್ಷಣ. “ಅಷ್ಟ ನೀರ ಎಲ್ಲಿಂದ ತರತಾರೋ ಇವರು?” ಎಂದು ಅವರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹುಡುಗನಿಗೆ ಹತ್ತು ವರ್ಷ. ಅವನ ಮನೆಯ ಮಾತು ಮರಾಠಿ, ಶಾಲೆಯ ಮಾತು ಇಂಗ್ಲಿಷು. ಕನ್ನಡ ಅವನ ಕಿವಿಗೆ ಬೀಳುವುದು ತಂದೆ ಊರಿಗೆ ಫೋನು ಮಾಡಿದಾಗ ಮಾತ್ರ. ನಮ್ಮ ತಾಯಿಗೋ ಸಂತೆಯ ವ್ಯವಹಾರಕ್ಕೆ ಸಾಲುವಷ್ಟು ಮರಾಠಿಯ ಹೊರತು ಬೇರೇನೂ ಬಾರದು. ನಮ್ಮ ಕಡೆ ‘ಆಯಿ’ ಎಂದರೆ ಅಜ್ಜಿ. ಅವನ ಮರಾಠಿಯಲ್ಲಿ ‘ಆಈ’ ಎಂದರೆ ತಾಯಿ. ಒಂದೇ ಶಬ್ದ ಇಬ್ಬರನ್ನು ಕರೆಯುವುದರಿಂದ ಅವನು ಅಜ್ಜಿಯನ್ನು ಏನೂ ಕರೆಯದೆ ಇರುವುದನ್ನು ರೂಢಿಸಿಕೊಂಡಿದ್ದ. ಹಿಂದಿನ ಎರಡು ದೀಪಾವಳಿಗಳಲ್ಲಿ ಆಯಿ ಅವನಿಗೆ ಕರದಂಟು ಕೊಡುವುದು, ಅವನು ತಲೆಯಲ್ಲಾಡಿಸುವುದು, ಇಷ್ಟರಲ್ಲೇ ಮೊಮ್ಮಗ ಅಜ್ಜಿಯರ ಸಂಭಾಷಣೆ ಮುಗಿಯುತ್ತಿತ್ತು. ಗಡಿಯ ಈಚೆಗಿರುವ ವಾಚಕರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಆಟ ಹೂಡುವಾಗಲೇ ವಿಘ್ನ. ಟಿ.ವಿ.ಯ ಮೇಲಿಡುವ ಕಪ್ಪು ಪಟ್ಟಿಯ ತಂತಿ ಪ್ರಯಾಣದಲ್ಲಿ ಕಿತ್ತುಹೋಗಿತ್ತು. ಹುಡುಗನ ಮೋರೆ ಸಣ್ಣದಾಯಿತು. ತಮ್ಮನು ನಗುತ್ತ ತುಳಸಿಕಟ್ಟೆಯಿಂದ ಎರಡು ಹಣತೆ ತಂದು ಟಿ.ವಿ.ಯ ಮುಂದೆ ಒಂದು ಗೇಣು ಅಂತರದಲ್ಲಿಟ್ಟು ಹೊತ್ತಿಸಿದನು. ಆಟ ನಡೆಯಿತು!

ಇದು ಪವಾಡವಲ್ಲ. ಜನ ತಿಳಿದಿರುವಂತೆ ಆ ಪಟ್ಟಿ ಆಟಗಾರನನ್ನು ಗಮನಿಸುವುದೇ ಇಲ್ಲ. ಅದರ ಎರಡು ತುದಿಗಳಲ್ಲಿ ಅವಕೆಂಪು ಕಿರಣ ಬೀರುವ ಪುಟ್ಟ ದೀಪಗಳಿವೆ, ಅಷ್ಟೆ. ಅವುಗಳನ್ನು ನೋಡುವ ಕಣ್ಣು ಇರುವುದು ಕೈಯಲ್ಲಿ ಹಿಡಿದ ರಿಮೋಟಿನ ಮೂಗಿನಲ್ಲಿ. ಎರಡು ಬೆಳಕಿನ ಚುಕ್ಕೆಗಳು ತನ್ನ ನೋಟದಲ್ಲಿ ಎಲ್ಲಿ ಬಿದ್ದಿವೆ, ಎಷ್ಟು ದೂರ ದೂರ ಇವೆ, ಎಷ್ಟು ಓರೆಯಾಗಿವೆ ಎಂಬುದರಿಂದ ತಾನು ಪರದೆಯ ಯಾವ ಮೂಲೆಗೆ ಮುಖಮಾಡಿದ್ದೇನೆಂದು ಯಂತ್ರ ಲೆಕ್ಕ ಹಾಕುತ್ತದೆ. ಎಣ್ಣೆಯ ದೀಪದ ಕುಡಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿಗಿಂತ ಅವಕೆಂಪು ಕಿರಣವೇ ಬಹಳ. ಆದುದರಿಂದ ಹಣತೆಯೂ ಸಾಕು. ಮಧ್ಯಾಹ್ನ ಪಡುವಣ ಕಿಟಕಿಯ ಬಿಸಿಲು ಟಿ.ವಿ.ಯ ಪಕ್ಕ ಬಿದ್ದಾಗ ಗುರಿ ಅಡ್ಡಾದಿಡ್ಡಿ ಓಡಿದ್ದಕ್ಕೂ ಕಾರಣ ಇದೇ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಲಜ್ಞನು ಗಾಜಿನ ಅಶ್ರಗದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಕೆಂಪಿನ ಆಚೆಗೆ ಏನೂ ಕಾಣದ ಸ್ಥಳದಲ್ಲಿ ಉಷ್ಣತಾಮಾಪಕವಿಟ್ಟಾಗ ಪಾರಜ ಏರಿತು. ಅದೇ ಈ ಕಿರಣದ ಮೊದಲ ಪತ್ತೆ. ಮಕ್ಕಳಿಗೆ ತೋರಿಸಬಯಸುವ ತಾಯಿತಂದೆಗಳು ಟಿ.ವಿ.ಯ ಸಾಮಾನ್ಯ ರಿಮೋಟಿನ ತುದಿಯನ್ನು ಮೊಬೈಲಿನ ಕ್ಯಾಮರಾದಲ್ಲಿ ನೋಡುತ್ತ ಗುಂಡಿ ಒತ್ತಲಿ. ಬರಿಗಣ್ಣಿಗೆ ಕಾಣದ ದೀಪ ಅನೇಕ ಮೊಬೈಲುಗಳಲ್ಲಿ ಮಿಣುಕುವುದು ಕಾಣುತ್ತದೆ. ನಮ್ಮ ಶಾಲೆಯಲ್ಲಿ ರಜೆಯ ಮರುವಾರ ಈ ಪ್ರಯೋಗಕ್ಕೆ ಇಡೀ ವರ್ಗವೇ ಮೇಜಿನ ಸುತ್ತ ಮುತ್ತಿತು.

ಕೈಯ ಅಲುಗಾಟವನ್ನು ಅರಿಯಲು ರಿಮೋಟಿನೊಳಗೆ ಮತ್ತೊಂದು ಅಂಗವಿದೆ. ನಮ್ಮ ಲಾಲ ಎಸ್.ಟಿ. ಬಸ್ಸು ಹಠಾತ್ತನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ, ಕೂದಲೆಳೆಗಿಂತ ಸೂಕ್ಷ್ಮವಾದ ಸ್ಪ್ರಿಂಗಿನ ಮೇಲೆ ಕೂತ ಒಂದು ಸಿಲಿಕಾನಿನ ಕಣ ವಾಲುತ್ತದೆ. ಆ ವಾಲಿಕೆಯನ್ನು ಮೂರು ದಿಕ್ಕುಗಳಲ್ಲಿ ಅಳೆದರೆ ಕೈ ಎತ್ತ ಬೀಸಿತೆಂದು ತಿಳಿಯುತ್ತದೆ. ಉತ್ಸಾಹದ ಭರದಲ್ಲಿ ರಿಮೋಟನ್ನೇ ಬೀಸಿ ಒಗೆದು ಟಿ.ವಿ. ಒಡೆದುಕೊಂಡವರು ಮೊದಲ ತಿಂಗಳಲ್ಲೇ ಕಡಿಮೆಯಿರಲಿಲ್ಲ. 2006ರ ಡಿಸೆಂಬರಿನಲ್ಲಿ ಕಂಪನಿಯು ಸುಮಾರು 32 ಲಕ್ಷ ಮಣಿಕಟ್ಟಿನ ದಾರಗಳನ್ನು ಗಟ್ಟಿಯಾದವುಗಳಿಂದ ಬದಲಿಸಿಕೊಡಬೇಕಾಯಿತು. ದಾರ ಕಟ್ಟಿಕೊಳ್ಳದೆ ಆಡಬಾರದೆಂಬ ನಿಯಮವನ್ನು ನಾವು ಮುಖ್ಯಾಧ್ಯಾಪಕನ ಧ್ವನಿಯಲ್ಲೇ ವಿಧಿಸಿದೆವು.

ಮೊದಲ ಸಂಜೆ ಆಯಿ ಗೋಡೆಗೊರಗಿ ನೋಡುತ್ತ ಕುಳಿತಿದ್ದರು. ಮೊಲಗಳು ನುಗ್ಗುವುದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ಕಡಲೆಯ ಹೊಲಕ್ಕೆ ಮೊಲ ಹೊಕ್ಕರೆ ಆಗುವ ಹಾನಿ ಅವರಿಗೆ ಗೊತ್ತು. “ಎಡಕ್ಕ ಐತಿ ನೋಡೋ! ಹೊಡೀ, ಹೊಡೀ! ಅಯ್ಯ, ಮ್ಯಾಲ ಹೋತು!” ಎಂದು ಕೂಗತೊಡಗಿದರು. ಹುಡುಗ ಮೊದಲು ತಂದೆಯ ಮುಖ ನೋಡಿ ಅರ್ಥ ಕೇಳುತ್ತಿದ್ದ. ಎರಡನೆಯ ಸಂಜೆಗೆ ಕೇಳುವಷ್ಟು ಪುರಸೊತ್ತಿರಲಿಲ್ಲ, ಮೊಲ ಮೈಮೇಲೆ ಬರುತ್ತಿತ್ತು. ‘ಎಡಕ್ಕ’ ಎಂದರೆ ಎಡಕ್ಕೆ ಕೈ ಹೊರಳಿತು. ಮೊಲಗಳ ‘ಬ್ವಾಹ್’ ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ, ಇಂಗ್ಲಿಷೂ ಅಲ್ಲವಾದ್ದರಿಂದ ಆ ಕೋಣೆಯಲ್ಲಿ ಯಾರೂ ಯಾರಿಗಿಂತ ಹೆಚ್ಚಿನವರಾಗಿರಲಿಲ್ಲ.

ಮೂರನೆಯ ದಿನ ರಿಮೋಟು ಆಯಿಯ ಕೈಗೆ ಹೋಯಿತು. ಅವರು ಅದನ್ನು ತಲೆಯ ಮೇಲೆ ಎರಡು ಸುತ್ತು ಬೀಸಿದರು. ನಾವೆಲ್ಲ ನಕ್ಕೆವು, ತಮ್ಮನೊಬ್ಬನು ನಗಲಿಲ್ಲ. “ಅವ್ವ ಕವಣಿ ಬೀಸಾಕತ್ತಾಳ” ಎಂದನು. ಹೌದು, ಹುಡುಗಿಯಾಗಿದ್ದಾಗ ಜೋಳದ ಹೊಲದ ಅಟ್ಟವೇರಿ ಕವಣೆ ಬೀಸಿ ಹಕ್ಕಿ ಕಾಯ್ದ ಕೈ ಅದು. ಕವಣಿ ಎಂದರೇನೆಂದು ಹುಡುಗ ಕೇಳಿದ. ಆ ಪ್ರಶ್ನೆಯನ್ನು ಅವನು ತಂದೆಗೆ ಕೇಳಲಿಲ್ಲ, ನೇರವಾಗಿ ಆಯಿಗೆ ಕೇಳಿದ. ಮರುದಿನ ಅವರು ನೂಲಿನ ಹುರಿ ಹೆಣೆದು ಒಂದು ಕವಣೆ ಮಾಡಿಕೊಟ್ಟರು. ಅಜ್ಜಿ ಮೊಮ್ಮಗ ಬಣವೆಯ ಆಚೆಯ ಬಯಲಿನಲ್ಲಿ ಇಡೀ ಮುಂಜಾನೆ ಹೆಂಟೆ ಬೀಸಿದರು. ಮೊಲದ ಆಟ ಅಂದು ಮಧ್ಯಾಹ್ನದವರೆಗೆ ಯಾರಿಗೂ ನೆನಪಾಗಲಿಲ್ಲ.

ಮಕ್ಕಳ ಕೈಗೆ ಬಂದೂಕಿನ ಆಟ ಕೊಡುವುದು ಯೋಗ್ಯವೇ ಎಂದು ಕೆಲವು ಪಾಲಕರು ನಮ್ಮನ್ನು ಕೇಳುವುದುಂಟು. ಎಲ್ಲ ಆಟಗಳಿಗೂ ಒಂದೇ ಉತ್ತರ ಕೊಡಲು ನಾವು ಸಿದ್ಧರಿಲ್ಲ. 2020ರ ಸೆಪ್ಟೆಂಬರ 2ರಂದು ಕೇಂದ್ರ ಸರಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ‘ಪಬ್‌ಜಿ ಮೊಬೈಲ್’ ಒಂದಾಗಿತ್ತು. ಮರುವರ್ಷವೇ ಅದು ಬೇರೆ ಹೆಸರಿನಿಂದ ಮರಳಿ ಬಂದಿತು. ಕಂಬಳಿಯೊಳಗೆ ತಲೆ ಹೊದ್ದು ಒಬ್ಬನೇ ಆಡುವ ಅಂಥ ಆಟ ನಮಗೆ ಒಪ್ಪಿಗೆಯಿಲ್ಲ. ಅದನ್ನು ಆಡಿ ಮುಂಜಾನೆ ಪ್ರಾರ್ಥನೆಯ ಸಾಲಿನಲ್ಲಿ ತೂಕಡಿಸುವ ಹುಡುಗರನ್ನು ನಾವು ದಿನವೂ ಕಾಣುತ್ತೇವೆ. ಮನೆಮಂದಿಯೆಲ್ಲ ನಿಂತು, ಒಂದೇ ರಿಮೋಟನ್ನು ಸರದಿಯಂತೆ ಹಿಡಿದು, ಮೊಲದ ಮೋರೆಗೆ ರಬ್ಬರಿನ ಬಟ್ಟಲು ಅಂಟಿಸುವುದು ಬೇರೆ ಜಾತಿಯ ಆಟ. ಅದಕ್ಕೂ ದಿನಕ್ಕೆ ಒಂದು ತಾಸು ಸಾಕೆಂದು ನಾವು ಹೇಳಿದೆವು. ಹಣತೆಯ ಎಣ್ಣೆ ತೀರುವವರೆಗೆ ಎಂದು ಆಯಿ ತೀರ್ಪು ಕೊಟ್ಟರು. ಅನಂತರ ಅವರೇ ಕದ್ದು ಎಣ್ಣೆ ಹೊಯ್ಯುತ್ತಿದ್ದುದು ಬೇರೆ ಮಾತು.

ಪುಣೆಗೆ ಹೋದ ಮೇಲೆ ಕವಣೆಯನ್ನು ಅವರ ಕಟ್ಟಡದ ಅಂಗಳದಲ್ಲಿ ಬೀಸಲು ಬಿಡಲಿಲ್ಲವಂತೆ, ಗೋಡೆಯ ಮೊಳೆಗೆ ತೂಗುಹಾಕಿದ್ದಾರೆ. ರವಿವಾರ ಫೋನು ಬಂದಾಗ ಈಗ ಆಯಿಯ ಮೊದಲ ಪ್ರಶ್ನೆ, “ಮೊಲಗೋಳು ಹ್ಯಾಂಗ ಅದಾವೋ ಯಪ್ಪಾ?” ಎಂಬುದು. “ಚಲೋ ಅದಾವ, ಆಯಿ” ಎಂದು ಅತ್ತಲಿಂದ ಉತ್ತರ ಬರುತ್ತದೆ. ಅವನ ‘ಚ’ಕಾರ ಇನ್ನೂ ಮರಾಠಿಯದೇ. ಬರುವ ದೀಪಾವಳಿಗೆ ಇನ್ನೊಂದು ರಿಮೋಟು ತರಲು ತಮ್ಮನಿಗೆ ತಿಳಿಸಿದ್ದೇವೆ. ಒಂದೊಂದಕ್ಕೆ ಎರಡೆರಡು ಪೆನ್ಸಿಲ್ ಸೆಲ್ಲು ಬೇಕಾಗುತ್ತವೆ, ಅವು ನಮ್ಮೂರ ಅಂಗಡಿಯಲ್ಲೇ ಸಿಗುತ್ತವೆ.