ಕಪಾಟಿನಲ್ಲಿ ಬೀಗ ಹಾಕಿಟ್ಟ ಸರಿಗಮ

ಜಾತ್ರೆಯಲ್ಲಿ ಕೊಡಿಸಿದ ಪಿಯಾನೊ ಆಟಿಕೆ ಎಷ್ಟು ದಿನ ಬಾಳುತ್ತದೆ ಅಂತ ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು. ಕೆಟ್ಟ ಮೇಲೆ ಬಿಚ್ಚಿ ನೋಡಿದರೆ ಒಳಗೆ ಕರಿ ಅಂಟಿನದೊಂದು ಬೊಟ್ಟು ಇರುತ್ತದೆ, ಅದರಡಿ ಚಿಪ್. ರಿಪೇರಿಯೂ ಆಗಲ್ಲ, ಹಾಡು ಬದಲಿಸೋಕೂ ಆಗಲ್ಲ.

ಅಂಥದ್ದನ್ನು ಮಕ್ಕಳೇ ಮಾಡಬಹುದು ಅಂತ ತೋರಿಸಲು ನಾವು ಪಕ್ಕದೂರಿನ ಪ್ರೌಢಶಾಲೆಗೆ ಹೋಗಿದ್ದೆವು. ಆರ್ಡುಯಿನೊ ಬೋರ್ಡುಗಳು ಅಲ್ಲೇ ಇದ್ದವು, ಬೀಗ ಹಾಕಿದ ಕಪಾಟಿನೊಳಗೆ, ಕವರು ಕೂಡ ಬಿಚ್ಚದೆ. "ಸುಟ್ಟುಹೋದ್ರೆ ಆಡಿಟ್‌ನೋರಿಗೆ ಉತ್ತರ ಕೊಡೋನು ನಾನಲ್ವೇನಪ್ಪ" ಅಂದರು ಮೇಷ್ಟ್ರು. ಅವರ ಕಷ್ಟವೂ ಸುಳ್ಳಲ್ಲ. ಕೊನೆಗೆ ನಾವೇ ದುಡ್ಡು ಹಾಕಿ ಒಂದು ಬೋರ್ಡು, ಒಂದು ಪೀಜೋ ಬಜರ್, ಆರು ಗುಂಡಿ ತಂದೆವು. ಎಲ್ಲ ಸೇರಿ 600 ರೂಪಾಯಿ ದಾಟಲಿಲ್ಲ.

ಕೆಲಸ ಕಷ್ಟದ್ದೇನಲ್ಲ. ಗುಂಡಿಯ ಒಂದು ತುದಿ ಬೋರ್ಡಿನ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಗುಂಡಿ ಒತ್ತಿದಾಗ ಬೋರ್ಡಿನ ಮೈಕ್ರೊಕಂಟ್ರೋಲರು ಬಜರ್‌ಗೆ ಹೋಗುವ ಕರೆಂಟನ್ನು ಸೆಕೆಂಡಿಗೆ ಇಷ್ಟು ಸಲ ಅಂತ ಹಚ್ಚಿ ಆರಿಸುತ್ತದೆ. ಬಜರ್‌ನ ತೆಳು ಬಿಲ್ಲೆ ಅಷ್ಟೇ ಸಲ ನಡುಗುತ್ತದೆ, ಅದೇ ಸ್ವರ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿಗೆ ಓಟಿಜಿ ಕೇಬಲ್ ಹಾಕಿ, ಆರ್ಡುಯಿನೊಡ್ರಾಯ್ಡ್ ಎಂಬ ಆ್ಯಪ್‌ನಲ್ಲೂ ಪ್ರೋಗ್ರಾಂ ಬರೆಯಬಹುದು. ಸದ್ದು ಸೊಳ್ಳೆ ರಾಗವೇ, ಅದನ್ನು ಒಪ್ಪಿಕೊಳ್ಳಬೇಕು.

ಮೊದಲು ಹಾಕಿದ್ದು ನೆಟ್‌ನಲ್ಲಿ ಸಿಗುವ ರೆಡಿಮೇಡ್ ಸಂಖ್ಯೆಗಳು: ಸ 262, ರಿ 294, ಗ 330. ಒಬ್ಬ ಹುಡುಗಿಯ ತಾತ ತತ್ವಪದ ಹಾಡುವವರು. ತಂಬೂರಿಯನ್ನು ಆಟಿಕೆಯ ಮೊದಲ ಸ್ವರಕ್ಕೆ ಕೂಡಿಸಿಕೊಂಡು ಕೇಳಿ, "ಮೂರನೇದು ಒಂಚೂರು ಏರೈತೆ ಕಣವ್ವಾ" ಅಂದರು. ಅವರ ಕಿವಿ ಸರಿಯಾಗಿಯೇ ಹೇಳಿತ್ತು. ಆ ಸಂಖ್ಯೆಗಳು ಪಿಯಾನೊ ಲೆಕ್ಕದವು, ಸ್ಥಾಯಿಯನ್ನು 12 ಸಮಪಾಲು ಮಾಡಿದವು. ತಂಬೂರಿಗೆ ಹೊಂದುವ ಗಾಂಧಾರ ಬೇಕಾದರೆ ಸ 4 ಪಾಲಾದಾಗ ಗ 5 ಪಾಲಿರಬೇಕು. ಹುಡುಗಿ ಎಲ್ಲ ಅಳಿಸಿ ಹೊಸದಾಗಿ ಬರೆದಳು: 240, 270, 300, 360, 400, 480. ಮೋಹನ ರಾಗ ಬಂತು. ತಾತ ಮತ್ತೆ ತಂಬೂರಿ ಕೂಡಿಸಿ ತಲೆಯಾಡಿಸಿದರು.

ಒಂಬತ್ತನೇ ಕ್ಲಾಸಿನ ಹುಡುಗಿಗೆ ಅನುಪಾತದ ಲೆಕ್ಕ ಕಿವಿಗೆ ಕೇಳಿದ್ದು ಅವತ್ತೇ. ಜಾತ್ರೆಯ ಆಟಿಕೆಯಲ್ಲಿ ತಾತನ ಮಾತಿಗೆ ಬೆಲೆ ಇಲ್ಲ, ಇದರಲ್ಲಿ ಇತ್ತು. "ಓದೋಕೇ ಬರಲ್ಲ, ಆಟಿಕೆ ಯಾಕೆ" ಅನ್ನುವವರಿಗೆ ನಮ್ಮ ಉತ್ತರ ಇಷ್ಟೇ: ಅವತ್ತು ಸಂಜೆ ಆರಾದರೂ ಒಬ್ಬ ಮಗುವೂ ಮನೆಗೆ ಹೊರಡಲಿಲ್ಲ.

ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಸಾಮಾನು ಕೊಡುವವರು ಅದು ಕೆಡಲಿಕ್ಕೂ ಲೆಕ್ಕದಲ್ಲಿ ಜಾಗ ಬಿಡಬೇಕು. ಸೀಮೆಸುಣ್ಣ ಸವೆದರೆ ಯಾರೂ ಮೇಷ್ಟ್ರನ್ನು ಕೇಳಲ್ಲ. ಚಿಲ್ಲರೆ ದುಡ್ಡಿನ ಬಜರ್ ಸುಟ್ಟರೂ ಕೇಳಬಾರದು. ನಿಮ್ಮೂರ ಶಾಲೆಯಲ್ಲೂ ಇಂಥ ಕಪಾಟು ಇದ್ದರೆ, ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ಬೀಗದ ಕೈ ವಿಷಯ ಎತ್ತಿ. ನಷ್ಟವಾದರೆ ಮೇಷ್ಟ್ರ ಮೇಲೆ ಹಾಕುವುದಿಲ್ಲ ಅಂತ ಸಮಿತಿಯೇ ಬರೆದುಕೊಡಲಿ.

ನಾವು ಕೊಟ್ಟುಬಂದ ಆಟಿಕೆ ಈಗ ಚಪ್ಪಲಿ ಡಬ್ಬಿಯೊಳಗಿದೆ. ಕೊನೇ ಗುಂಡಿಯ ವೈರು ಕಿತ್ತುಬಂದಿದೆಯಂತೆ. ಮಕ್ಕಳು ಬಿಚ್ಚಿಕೊಂಡು ಕೂತಿದ್ದಾರೆ.